ಬಲೂನು ಹಾಕಿ ಮನೆಗೆ ಕಳಿಸುವುದಾದರೆ

ಮಗಳೇ, ಗುರುವಾರಕ್ಕೆ ನಿನಗೆ 41 ವಾರ ತುಂಬುತ್ತದೆ. ಇನ್ನೂ ನೋವಿನ ಸುಳಿವಿಲ್ಲ. ಬುಧವಾರ ಸಂಜೆ ಬಂದು ನೋವು ಬರಿಸುವ ಬಲೂನು ಹಾಕಿಸಿಕೊಂಡು ಮನೆಗೆ ಹೋಗಿ, ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದುಕೊಂಡು ಅಡ್ಮಿಟ್ ಆಗಲು ಬನ್ನಿ ಎಂದು ಡಾಕ್ಟರು ಹೇಳಿದ್ದಾರಂತೆ. ನಿನ್ನ ಅಮ್ಮ ಇಷ್ಟನ್ನೂ ಒಂದೇ ಉಸಿರಿಗೆ ಫೋನಿನಲ್ಲಿ ಹೇಳಿ, "ನೋವು ಬರಿಸಿ ಮನೆಗೆ ಕಳಿಸುವ ಕ್ರಮ ಎಲ್ಲಿಯಾದರೂ ಉಂಟಾ?" ಎಂದು ನನ್ನನ್ನೇ ಜೋರು ಮಾಡಿದಳು. ಉಂಟು. ಇಂಗ್ಲೆಂಡು, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಅದು ಈಗ ರೂಢಿಗೆ ಬಂದಿದೆ. ಮುಂಬಯಿಯಲ್ಲಿ ಮಾತ್ರ ಇನ್ನೂ ಅಪರೂಪ. ಇಲ್ಲಿ ಹೆಚ್ಚಿನ ಕಡೆ ಮೊದಲು ಅಡ್ಮಿಟ್, ಆಮೇಲೆ ಔಷಧಿ. ಹಾಗಾಗಿ ಅಮ್ಮನ ಸಿಟ್ಟಿಗೂ ಕಾರಣವಿದೆ, ಡಾಕ್ಟರ ಮಾತೂ ತಪ್ಪಲ್ಲ. ಈ ಊರಿನ ಹೆರಿಗೆ ಕೋಣೆಗಳಲ್ಲಿ ರಾತ್ರಿಪಾಳಿ ಮಾಡಿಯೇ ತಲೆ ನರೆಸಿಕೊಂಡವಳು ನಾನು. ನನ್ನ ಕೇಳಿದರೆ, ಮನೆಗೆ ಹೋಗಬಹುದೋ ಬಾರದೋ ಎಂಬುದನ್ನು ಬಲೂನು ತೀರ್ಮಾನಿಸುವುದಿಲ್ಲ. ನಿನ್ನ ಮನೆ, ಮನೆಯಲ್ಲಿರುವ ಜನ, ಅಲ್ಲಿಂದ ಆಸ್ಪತ್ರೆಗೆ ಇರುವ ದಾರಿ, ಇವು ತೀರ್ಮಾನಿಸುತ್ತವೆ.

ತಾನಾಗಿ ನೋವು ಬರಲಿ, ಅವಸರ ಏನು ಎಂದು ಅಮ್ಮ ಕೇಳುತ್ತಿದ್ದಾಳಲ್ಲ, ಅದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ದಿನ ತುಂಬಿ ವಾರ ಕಳೆದ ಮೇಲೆ ಮಾಸಿನ ಶಕ್ತಿ ಕುಗ್ಗುತ್ತಾ ಬರಬಹುದು, ಮಗುವಿನ ಸುತ್ತಲ ನೀರು ಕಡಿಮೆಯಾಗಬಹುದು. ಅಪಾಯ ಸಣ್ಣದೇ, ಆದರೆ ದಿನ ಹೋದಂತೆ ಏರುವಂಥದ್ದು. ದಿನದ ಲೆಕ್ಕ ಖಚಿತವಾಗಿದ್ದು 41 ವಾರ ತುಂಬಿದವರಿಗೆ ನೋವು ಬರಿಸಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 41 ವಾರಕ್ಕೆ ನೋವು ಬರಿಸುವುದು ಒಳ್ಳೆಯದೋ, 42ರವರೆಗೆ ಕಾಯುವುದು ಒಳ್ಳೆಯದೋ ಎಂದು ಸ್ವೀಡನ್ನಿನಲ್ಲಿ 2,760 ಹೆಂಗಸರನ್ನು ಸೇರಿಸಿ ನೋಡಿದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಕಾದವರ ಗುಂಪಿನಲ್ಲಿ 6 ಮಕ್ಕಳು ತೀರಿಕೊಂಡಿದ್ದವು. ಇನ್ನೊಂದು ಗುಂಪಿನಲ್ಲಿ ಒಂದೂ ಇಲ್ಲ. ಅದರ ವರದಿ ಬಂದದ್ದು 2019ರಲ್ಲಿ. ಆದುದರಿಂದ ಗುರುವಾರದ ಲೆಕ್ಕವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಆ ಲೆಕ್ಕ ಮೊದಲ ಮೂರು ತಿಂಗಳ ಸ್ಕ್ಯಾನಿನಿಂದ ಬಂದದ್ದು ಹೌದೇ ಎಂದು ಮಾತ್ರ ಒಮ್ಮೆ ಕೇಳಿಕೋ. ಕೊನೆಯ ತಿಂಗಳ ಸ್ಕ್ಯಾನ್ ಹೇಳುವ ತಾರೀಕು ಅಷ್ಟು ನಂಬಿಕೆಯದಲ್ಲ.

ಇದರ ನಡುವೆ ಊರಿನ ಜೋಯಿಸರಿಗೆ ಫೋನು ಹೋಗಿ, ಶುಕ್ರವಾರ ಬೆಳಿಗ್ಗೆ ಇಷ್ಟರೊಳಗೆ ಹುಟ್ಟಿದರೆ ನಕ್ಷತ್ರ ಒಳ್ಳೆಯದು ಎಂಬ ಮಾತು ಬಂದದ್ದೂ ನನ್ನ ಕಿವಿಗೆ ಬಿದ್ದಿದೆ. ಬಲೂನು ಪಂಚಾಂಗ ಓದಿದ್ದಲ್ಲ ಮಾರಾಯ್ತಿ. ಚೊಚ್ಚಲ ಬಸುರಿಗೆ ಬಲೂನು ಹಾಕಿದ ಹೊತ್ತಿನಿಂದ ಮಗು ಕೈಗೆ ಬರುವವರೆಗೆ ಒಂದು ದಿನವೂ ಆಗಬಹುದು, ಎರಡು ದಿನವೂ ಹಿಡಿಯಬಹುದು. ನಕ್ಷತ್ರ ಹಿಡಿಯಲು ಹೋಗಿ ಕೊನೆಗೆ ಸಿಸೇರಿಯನ್ನಿಗೆ ಅವಸರ ಮಾಡಿಸಿದ ಮನೆಯವರನ್ನು ನಾನು ಕಂಡಿದ್ದೇನೆ. ಆ ವಿಚಾರ ಅಲ್ಲಿಗೇ ಬಿಡಿ.

ಈಗ ಬಲೂನಿನ ಕೆಲಸ ಏನು ಎಂದು ತಿಳಿದುಕೋ. ಗರ್ಭಕೋಶದ ಬಾಯಿ ಹೆರಿಗೆಗೆ ತಯಾರಾಗದಿದ್ದಾಗ ಮುಟ್ಟಿದರೆ ಮೂಗಿನ ತುದಿಯಷ್ಟು ಗಟ್ಟಿ, ತಯಾರಾದಾಗ ತುಟಿಯಷ್ಟು ಮೆತ್ತಗೆ. ನಮಗೆ ಕಲಿಸಿದ್ದು ಹಾಗೆ, ನಾವು ಹುಡುಗಿಯರಿಗೆ ಕಲಿಸಿದ್ದೂ ಹಾಗೆಯೇ. ಗಟ್ಟಿ ಇದ್ದಾಗ ನೇರ ಡ್ರಿಪ್ ಹಾಕಿದರೆ ನೋವು ಬಂದರೂ ಬಾಯಿ ತೆರೆಯುವುದು ಕಷ್ಟ. ಅದಕ್ಕೆ ಮೊದಲು ಮೆತ್ತಗೆ ಮಾಡಬೇಕು. ಜೆಲ್ ಇಡುತ್ತಾರೆ, ಇಲ್ಲವೇ ಮಿಸೊಪ್ರೊಸ್ಟಾಲ್ ಎಂಬ ಸಣ್ಣ ಗುಳಿಗೆ ಕೊಡುತ್ತಾರೆ, ಇಲ್ಲವೇ ಫೋಲಿ ಕ್ಯಾತಿಟರ್ ಹಾಕುತ್ತಾರೆ. ಮೂತ್ರ ಹೋಗಲು ಹಾಕುವ ಅದೇ ರಬ್ಬರಿನ ನಳಿಗೆ. ಅದನ್ನು ಗರ್ಭಕೋಶದ ಬಾಯಿಯೊಳಗಿಂದ ಸ್ವಲ್ಪ ಮೇಲಕ್ಕೆ ಏರಿಸಿ, ತುದಿಯ ಬಲೂನಿಗೆ 30ರಿಂದ 80 ಮಿಲಿಲೀಟರ್ ಸಲೈನ್ ತುಂಬುತ್ತಾರೆ. ಬಲೂನು ಬಾಯಿಯ ಮೇಲೆ ಒತ್ತಿ ಕೂತು ಮೆಲ್ಲನೆ ತೆರೆಸುತ್ತದೆ. ಹೊರಗೆ ಉಳಿದ ನಳಿಗೆಯನ್ನು ತೊಡೆಗೆ ಅಂಟಿಸುತ್ತಾರೆ. ಬಾಯಿ ಮೂರು ನಾಲ್ಕು ಸೆಂಟಿಮೀಟರ್ ತೆರೆದರೆ ಬಲೂನು ತಾನಾಗಿ ಜಾರಿ ಬೀಳುತ್ತದೆ. ಬೀಳದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಅವರೇ ತೆಗೆಯುತ್ತಾರೆ.

ಈ ಮೂರರಲ್ಲಿ ಮನೆಗೆ ಕಳಿಸಲು ಬಲೂನನ್ನೇ ಆರಿಸುವುದಕ್ಕೆ ಕಾರಣವಿದೆ. ನಮ್ಮದೇ ರಾಜ್ಯದ ನಾಗಪುರದಲ್ಲಿ ರಕ್ತದೊತ್ತಡವಿದ್ದ 602 ಬಸುರಿಯರಲ್ಲಿ ಗುಳಿಗೆಯನ್ನೂ ಬಲೂನನ್ನೂ ಹೋಲಿಸಿ ನೋಡಿದ್ದಾರೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎರಡು ಗಂಟೆಗೊಮ್ಮೆ 25 ಮೈಕ್ರೊಗ್ರಾಮಿನ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 57 ಮಂದಿಗೆ ಒಂದು ದಿನದೊಳಗೆ ಸಹಜ ಹೆರಿಗೆಯಾಯಿತು, ಬಲೂನು ಹಾಕಿದವರಲ್ಲಿ 47 ಮಂದಿಗೆ. ಗುಳಿಗೆ ಚುರುಕು ಎಂದಾಯಿತು. ಆದರೆ ಅವರೆಲ್ಲ ಇದ್ದದ್ದು ಆಸ್ಪತ್ರೆಯಲ್ಲಿ, ದಾದಿಯರ ಕಣ್ಣೆದುರು. ಚುರುಕಿನ ಔಷಧಿಗೆ ಗರ್ಭಕೋಶ ಒಮ್ಮೊಮ್ಮೆ ಹುಚ್ಚೆದ್ದಂತೆ ಬಿಗಿಯುತ್ತದೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಬಿಗಿದರೆ ಮಗುವಿಗೆ ಉಸಿರು ಸಾಲದೆ ಹೋಗಬಹುದು. ಬಲೂನಿನಲ್ಲಿ ಆ ಅಪಾಯ ಬಹಳ ಕಡಿಮೆ. ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಯಾರಾದರೂ ಗುಳಿಗೆ ಕೈಗೆ ಕೊಟ್ಟು ಮನೆಯಲ್ಲಿ ತೆಗೆದುಕೋ ಎಂದರೆ, ಅಥವಾ ಬಂಧುಬಳಗದವರು ಮೆಡಿಕಲ್ಲಿನಿಂದ ತಂದು ಅರ್ಧ ಮುರಿದು ಕೊಟ್ಟರೆ, ಮುಟ್ಟಬೇಡ. 200 ಮೈಕ್ರೊಗ್ರಾಮಿನ ಗುಳಿಗೆ ಮುರಿದು ಅಂದಾಜಿಗೆ ಕೊಡುವುದು ಜೀವದ ಜೊತೆ ಆಟ.

ಈ ಗರ್ಭಕೋಶದ ಬಾಯಿಯ ವಿಷಯದಲ್ಲಿ ಮುಂಬಯಿಗೆ ದೊಡ್ಡ ಹೆಸರೇ ಇದೆ. ಹುಬ್ಬಳ್ಳಿಯಲ್ಲಿ ಶಾಲೆ ಓದಿ, ಇಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿತ ಡಾ. ವಿಠ್ಠಲ ನಾಗೇಶ ಶಿರೋಡ್ಕರ್, ಕಾಲಕ್ಕೆ ಮೊದಲೇ ತೆರೆದುಕೊಂಡು ಬಸಿರು ಇಳಿದುಹೋಗುವ ಹೆಂಗಸರಿಗೆ ಆ ಬಾಯಿಯನ್ನು ಹೊಲಿದು ಹಿಡಿಯುವ ವಿಧಾನ ಕಂಡುಹಿಡಿದರು. 1950ರ ದಶಕದ ಆ ಹೊಲಿಗೆಯನ್ನು ಇವತ್ತಿಗೂ ಜಗತ್ತೆಲ್ಲ ಶಿರೋಡ್ಕರ್ ಹೊಲಿಗೆ ಎಂದೇ ಕರೆಯುತ್ತದೆ. ಆ ಹೆಂಗಸರ ತಾಪತ್ರಯ ಮುಚ್ಚಿಡುವುದು, ನಿನ್ನದು ತೆರೆಸುವುದು.

ಇನ್ನೊಂದು ಸಂಗತಿ ನಿನ್ನ ಅಮ್ಮನಿಗೆ ಹೇಳು. ಆಸ್ಪತ್ರೆಯಲ್ಲಿ ಏನೋ ಮಾಡಿ ಮನೆಗೆ ಕಳಿಸುವುದು ಇಲ್ಲಿ ಹೊಸತೇ ಅಲ್ಲ, ಹೆಸರಿಲ್ಲದೆ ಮೊದಲಿಂದಲೂ ನಡೆದೇ ಇದೆ. ಕೊನೆಯ ವಾರಗಳಲ್ಲಿ ಒಪಿಡಿಗೆ ಹೋದಾಗ ಒಳಪರೀಕ್ಷೆ ಮಾಡುತ್ತಾ ಬೆರಳಿನಿಂದ ನೀರಿನ ಚೀಲವನ್ನು ಗರ್ಭಕೋಶದ ಬಾಯಿಯಿಂದ ಸಡಿಲಿಸುತ್ತಾರೆ. ಸ್ವೀಪ್ ಎನ್ನುತ್ತಾರೆ. ಅದರಿಂದ ನೋವು ತಾನಾಗಿ ಶುರುವಾಗುವುದುಂಟು. ಔಷಧಿ ಕೊಟ್ಟು ನೋವು ಬರಿಸುವ ಪ್ರಸಂಗ ಕಡಿಮೆಯಾಗುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪುತ್ತದೆ. ಕೆಡುಕು ಎಲ್ಲಿ ಎಂದರೆ, ಎಷ್ಟೋ ಕಡೆ ಹೇಳದೆ ಮಾಡುತ್ತಾರೆ. "ಇವತ್ತು ಪರೀಕ್ಷೆ ಮಾಡುವಾಗ ಜೀವ ಹೋದಷ್ಟು ನೋವಾಯಿತು ಸಿಸ್ಟರ್, ಮನೆಗೆ ಹೋದ ಮೇಲೆ ರಕ್ತ ಕಂಡಿತು, ರಾತ್ರಿಯಿಡೀ ಹೆದರಿ ಕೂತೆ" ಎಂದವರು ನೂರಾರು ಮಂದಿ. ಸ್ವೀಪಿನ ನಂತರ ಸ್ವಲ್ಪ ರಕ್ತ ಕಾಣುವುದು, ಕಿಬ್ಬೊಟ್ಟೆ ಹಿಂಡುವುದು ಸಹಜ ಎಂಬ ಎರಡು ಮಾತು ಮೊದಲೇ ಹೇಳಿದ್ದರೆ ಆ ರಾತ್ರಿ ಅವರು ಮಲಗುತ್ತಿದ್ದರು. ಹಾಗಾಗಿ ಯಾವ ಪರೀಕ್ಷೆಗೂ ಮೊದಲು, "ಡಾಕ್ಟರೇ, ಏನು ಮಾಡುತ್ತೀರಿ, ಯಾಕೆ?" ಎಂದು ಕೇಳು. ನಿನ್ನ ಮೈ, ನಿನ್ನ ಒಪ್ಪಿಗೆ ಬೇಕು. ಕೇಳಿದರೆ ಸಿಟ್ಟಾಗುವ ಡಾಕ್ಟರೂ ಇದ್ದಾರೆ, ಆಗಲಿ.

ಮನೆಗೆ ಕಳಿಸುವ ಬಗ್ಗೆ ದೊಡ್ಡ ದೊಡ್ಡ ಸಂಸ್ಥೆಗಳೇ ಒಂದೇ ಮಾತು ಆಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರ ಸಲಹೆಯಲ್ಲಿ ಅದು ಬೇಡ ಎಂದಿತ್ತು. ಇಂಗ್ಲೆಂಡಿನ ನೈಸ್ ಸಂಸ್ಥೆ 2021ರಲ್ಲಿ, ಬೇರೆ ತೊಂದರೆ ಇಲ್ಲದವರಿಗೆ, ಸುರಕ್ಷತೆಯ ಏರ್ಪಾಡು ಇದ್ದರೆ, ಯೋಚಿಸಬಹುದು ಎಂದಿತು. ಬೇರೆ ತೊಂದರೆ ಇಲ್ಲದವರು ಎನ್ನುವಲ್ಲಿಯೇ ಎಲ್ಲ ಅಡಗಿದೆ. ಬಿಪಿ ಇರುವವರು, ಸಕ್ಕರೆಗೆ ಔಷಧಿ ತೆಗೆದುಕೊಳ್ಳುವವರು, ಮಗುವಿನ ಬೆಳವಣಿಗೆ ಕಡಿಮೆ ಎಂದು ಹೇಳಿಸಿಕೊಂಡವರು, ನೀರು ಕಡಿಮೆ ಇರುವವರು, ಮೊದಲು ಸಿಸೇರಿಯನ್ ಆದವರು, ಅವಳಿ, ಅಡ್ಡ ಅಥವಾ ಕಾಲು ಕೆಳಗಾಗಿರುವ ಮಗು ಹೊತ್ತವರು, ನೀರು ಆಗಲೇ ಒಡೆದವರು, ಮಗುವಿನ ಅಲುಗಾಟ ಕಡಿಮೆಯಾಗಿದೆ ಎಂದು ಅನಿಸಿದವರು, ಇವರಾರಿಗೂ ಬಲೂನು ಹಾಕಿಸಿಕೊಂಡು ಮನೆಗೆ ಹೋಗುವ ಮಾತೇ ಇಲ್ಲ. ನಿನಗೆ ಇವು ಯಾವುವೂ ಇಲ್ಲ ಎಂದು ಅಮ್ಮ ಹೇಳಿದಳು. ಆದರೂ ಬುಧವಾರ ಬಲೂನು ಹಾಕುವ ಮೊದಲೂ ಹಾಕಿದ ಮೇಲೂ ಮಗುವಿನ ಎದೆಬಡಿತದ ಪಟ್ಟಿ ತೆಗೆಯಬೇಕು, ಬಿಪಿ ನೋಡಬೇಕು. ಪಟ್ಟಿ ತೆಗೆಯದೆ ಕಳಿಸಲು ಹೊರಟರೆ ಕುರ್ಚಿ ಬಿಟ್ಟು ಏಳಬೇಡ.

ಹಾಗೆ ಮನೆಗೆ ಹೋದವರ ಅನುಭವ ಹೇಗಿರುತ್ತದೆ? ಎಲ್ಲರದೂ ಒಂದೇ ತರಹ ಅಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮಂಚದವಳ ಕೂಗಾಟ ಕೇಳುತ್ತಾ, ಇಪ್ಪತ್ತು ಜನಕ್ಕೆ ಎರಡು ಬಾತ್‌ರೂಮಿನ ಎದುರು ಕಾಯುತ್ತಾ, ಗಂಡನಿಗೆ ಒಳಗೆ ಪ್ರವೇಶವಿಲ್ಲದೆ ಒಂಟಿಯಾಗಿ ರಾತ್ರಿ ಕಳೆಯುವುದಕ್ಕಿಂತ, ತನ್ನ ಹಾಸಿಗೆಯಲ್ಲಿ ಮಲಗಿ, ತನ್ನ ಅಮ್ಮ ಮಾಡಿದ ಗಂಜಿ ಉಂಡು ಬೆಳಿಗ್ಗೆ ಹೊರಟ ಹುಡುಗಿ ಅರ್ಧ ಗೆದ್ದಂತೆಯೇ. ಅಂಥವರು ಲೇಬರ್ ರೂಮಿಗೆ ಬರುವಾಗ ಮುಖ ನೋಡಿದರೇ ಗೊತ್ತಾಗುತ್ತದೆ, ನಿದ್ದೆ ಆಗಿರುತ್ತದೆ, ಭುಜ ಸಡಿಲ ಇರುತ್ತದೆ. ಹೆರಿಗೆಗೆ ಆ ಸಡಿಲು ಬೇಕು. ಹೆದರಿದ ಮೈ ಬಿಗಿ ಹಿಡಿಯುತ್ತದೆ.

ಇನ್ನೊಂದು ಬಗೆಯವರೂ ಇದ್ದಾರೆ. ಕಲ್ಯಾಣದ ಕಡೆಯ ಹುಡುಗಿಯೊಬ್ಬಳಿಗೆ ನಡುರಾತ್ರಿ ಬಾತ್‌ರೂಮಿನಲ್ಲಿ ಬಲೂನು ಕೆಳಗೆ ಬಿತ್ತು. ಬೀಳುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಕ್ತ ಮೆತ್ತಿಕೊಂಡ ಆ ವಸ್ತುವನ್ನು ನೋಡಿ ಮಗುವಿಗೇ ಏನೋ ಆಯಿತೆಂದು ಅವಳೂ ಅತ್ತೆಯೂ ಕಿರಿಚಿಕೊಂಡರಂತೆ. ವಾಸ್ತವವಾಗಿ ಅದು ಒಳ್ಳೆಯ ಲಕ್ಷಣ, ಬಾಯಿ ತೆರೆದಿದೆ ಎಂದು ಅರ್ಥ. ಮತ್ತೊಬ್ಬಳು ಇನ್ನೂ ಕಷ್ಟಪಟ್ಟಳು. ನೋವು ಏರುತ್ತಿದೆ ಎಂದು ರಾತ್ರಿ ಮತ್ತೆ ಮತ್ತೆ ಆಸ್ಪತ್ರೆಗೆ ಫೋನು ಮಾಡಿದಳು. "ಬಲೂನು ಹಾಕಿದರೆ ಅಷ್ಟು ಆಗುತ್ತದೆ, ಚೊಚ್ಚಲಲ್ಲವೇ, ಬೆಳಿಗ್ಗೆ ಬನ್ನಿ" ಎಂಬುದೇ ಉತ್ತರ. ಕೊನೆಗೆ ತಡೆಯಲಾರದೆ ಹೊರಟು ಬಂದಾಗ ಬಾಯಿ ಪೂರ್ತಿ ತೆರೆದಿತ್ತು, ಮಗು ಹುಟ್ಟಲು ಅರ್ಧ ಗಂಟೆಯೂ ಉಳಿದಿರಲಿಲ್ಲ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಮಗು ನಡೆದಾಡುವ ಹೊತ್ತಿಗೂ ಅವಳ ಮನಸ್ಸಿನಲ್ಲಿ ಉಳಿದದ್ದು ನೋವಲ್ಲ, ನಂಬದೆ ಹೋದರಲ್ಲ ಎಂಬ ಮಾತು. ನಾನು ಮಾತಾಡಿಸಿದ ಹೆಚ್ಚಿನವರಲ್ಲಿ ಇದೇ ಕೊರಗು. ಮನೆಯಲ್ಲಿದ್ದದ್ದು ಅವರಿಗೆ ಬೇಸರವಿಲ್ಲ. ಮನೆಯಲ್ಲಿ ಇದ್ದುದರಿಂದ ಯಾರೂ ತಮ್ಮನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ಬೇಸರ.

ಆದುದರಿಂದ ಇದನ್ನು ಮನಸ್ಸಿನಲ್ಲಿಟ್ಟುಕೋ: ಬಲೂನು ಹಾಕಿಸಿಕೊಂಡ ಹೊತ್ತಿನಿಂದ ನೀನು ಆ ವಾರ್ಡಿನ ರೋಗಿ. ಮಂಚ ಮಾತ್ರ ನಿನ್ನ ಮನೆಯದ್ದು. ಫೋನು ಮಾಡುವುದು ಅವರಿಗೆ ಉಪದ್ರ ಕೊಡುವುದಲ್ಲ. ಹೊರಡುವ ಮೊದಲು ಲೇಬರ್ ರೂಮಿನ ನೇರ ನಂಬರು ಕೇಳಿ ಬರೆಸಿಕೋ, ರಿಸೆಪ್ಷನ್ನಿನದ್ದು ಸಾಲದು. ರಾತ್ರಿ ಹನ್ನೊಂದರ ಮೇಲೆ ಅದನ್ನು ಎತ್ತುವವರು ಇರುವುದಿಲ್ಲ. ಬಲೂನು ಹಾಕಿದ ಗಂಟೆ, ಎಷ್ಟು ಸಲೈನ್, ಎದೆಬಡಿತದ ವಿವರ, ಯಾವಾಗ ತೆಗೆಯಬೇಕು, ಇಷ್ಟನ್ನು ಕೇಸ್ ಪೇಪರಿನಲ್ಲಿ ಬರೆದು ನಿನ್ನ ಕೈಗೆ ಕೊಡಬೇಕು. ಗಡಿಬಿಡಿಯಲ್ಲಿ ಬೇರೆ ಆಸ್ಪತ್ರೆಗೆ ನುಗ್ಗಬೇಕಾಗಿ ಬಂದರೆ ಆ ಕಾಗದವೇ ನಿನ್ನ ಪರವಾಗಿ ಮಾತಾಡುವುದು. ನರ್ಸಿಂಗ್ ಹೋಮ್ ಆಗಿದ್ದರೆ ಇನ್ನೊಂದು ಪ್ರಶ್ನೆ ಉಂಟು: ರಾತ್ರಿ ಡಾಕ್ಟರು ಅಲ್ಲೇ ಇರುತ್ತಾರೆಯೇ, ಅರಿವಳಿಕೆ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ? ಒಬ್ಬ ಸಿಸ್ಟರ್, ಒಬ್ಬ ಆಯಾ ಇರುವ ಕಡೆ ನಡುರಾತ್ರಿ ಹೋಗಿ ಬಾಗಿಲು ಬಡಿದರೆ ಪ್ರಯೋಜನವಿಲ್ಲ. ಆಫೀಸಿನ ವಿಮೆಯವರನ್ನೂ ಕೇಳಿಬಿಡು. ಅಡ್ಮಿಟ್ ಆಗುವ ಮೊದಲಿನ ಬಲೂನಿನ ಬಿಲ್ಲು ವಿಮೆಯಲ್ಲಿ ಬರುತ್ತದೋ ಇಲ್ಲವೋ ಎಂದು ಆಮೇಲೆ ಜಗಳ ಬೇಡ.

ಈಗ ದಾರಿಯ ವಿಷಯ. ಇಲ್ಲಿಯೇ ನನಗೆ ನಿಜವಾದ ಚಿಂತೆ. ಇಂಗ್ಲೆಂಡಿನ ಪುಸ್ತಕದಲ್ಲಿ ಆಸ್ಪತ್ರೆಗೆ ಹತ್ತಿರ ಇರುವವರು ಎಂದು ಬರೆದಿರುತ್ತದೆ. ಮುಂಬಯಿಯಲ್ಲಿ ಹತ್ತಿರ ಎಂದರೇನು? ನೀನಿರುವ ಡೊಂಬಿವಲಿಯಿಂದ ದಾದರ್ ಹಳಿಯ ಲೆಕ್ಕದಲ್ಲಿ 40 ಕಿಲೋಮೀಟರಿನ ಆಸುಪಾಸು. ಫಾಸ್ಟ್ ಲೋಕಲ್ ಸಿಕ್ಕರೆ ಒಂದು ಗಂಟೆ, ರಸ್ತೆಯಲ್ಲಿ ಹೋದರೆ ದೇವರೇ ಗತಿ. ಲೋಕಲ್ ರಾತ್ರಿ ಒಂದರ ಸುಮಾರಿಗೆ ನಿಂತರೆ ನಸುಕಿನ ನಾಲ್ಕರವರೆಗೆ ಇಲ್ಲ. ಬಲೂನಿನ ನೋವು ಏರುವುದು ಒಮ್ಮೊಮ್ಮೆ ಅದೇ ಹೊತ್ತಿನಲ್ಲಿ. ಭಾನುವಾರ ಹಳಿ ದುರಸ್ತಿಯ ಮೆಗಾಬ್ಲಾಕ್. ಅನಂತ ಚತುರ್ದಶಿಯ ದಿನ ಗಣಪತಿ ಮೆರವಣಿಗೆಗೆ ರಸ್ತೆಗಳೇ ಬಂದ್. ಮಳೆಗಾಲದ ಮಾತು ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಈ ಊರಿನ ಬಸುರಿಯರು ಪಟ್ಟ ಪಾಡು ನಮ್ಮ ಪಾಳಿಯವರಿಗೆಲ್ಲ ಗೊತ್ತು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಬಲೂನು ಹಾಕಿಸಿಕೊಂಡು ಮನೆಗೆ ಹೋಗುತ್ತೇನೆ ಎನ್ನುವವಳನ್ನು ನಾನು ಕೈ ಹಿಡಿದು ಕೂರಿಸುತ್ತೇನೆ. ಮಧ್ಯ ರೈಲ್ವೆಯ ಸ್ಟೇಷನ್ನುಗಳಲ್ಲಿ 2017ರಲ್ಲಿ ಶುರುವಾದ ಒಂದು ರೂಪಾಯಿ ಕ್ಲಿನಿಕ್ಕಿನ ಡಾಕ್ಟರುಗಳು ಪ್ಲಾಟ್‌ಫಾರ್ಮಿನಲ್ಲೇ ಹೆರಿಗೆ ಮಾಡಿಸಿದ ಸುದ್ದಿ ನೀನೂ ಓದಿರುತ್ತೀ. ಅವರಿಗೆ ನಮಸ್ಕಾರ. ಆದರೆ ಪ್ಲಾಟ್‌ಫಾರ್ಮು ನಿನಗೆ ಬೇಡ.

ಮನೆಯನ್ನೂ ನೋಡಬೇಕು. ಲಿಫ್ಟ್ ಇಲ್ಲದ ನಾಲ್ಕನೆಯ ಮಾಳಿಗೆಯಿಂದ, ಐದು ನಿಮಿಷಕ್ಕೊಮ್ಮೆ ನೋವು ತಿನ್ನುತ್ತಾ ಇಳಿಯುವುದು ಎಂದರೆ ಸಣ್ಣ ಮಾತಲ್ಲ. ಓಣಿಯ ತುದಿಯ ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ಹೋಗಬೇಕಾದ ಚಾಳಿನ ಹೆಣ್ಣಿಗೆ, ಒಂದೇ ಕೋಣೆಯಲ್ಲಿ ಮಾವ ಮೈದುನರ ನಡುವೆ ಮಲಗಬೇಕಾದವಳಿಗೆ, ತೊಡೆಗೆ ನಳಿಗೆ ಅಂಟಿಸಿಕೊಂಡು ಮನೆಗೆ ಹೋಗು ಎನ್ನುವುದು ಸೌಕರ್ಯವಲ್ಲ, ಶಿಕ್ಷೆ. ಅಂಥವರಿಗೆ ವಾರ್ಡೇ ವಾಸಿ. ಹಾಸಿಗೆ ಉಳಿಸುವುದು ಆಸ್ಪತ್ರೆಯ ಲೆಕ್ಕ, ಅದೂ ಬೇಕಾದದ್ದೇ. ಅದಕ್ಕೆ ನೀನು ಬೆಲೆ ತೆರಬೇಕಾಗಿಲ್ಲ. ಹಣದ ಅಡಚಣೆಯಿಂದ ಒಂದು ರಾತ್ರಿಯ ರೂಮು ಬಾಡಿಗೆ ಉಳಿಸಲು ಮನೆಗೆ ಹೋಗುವವರು ಒಂದು ವಿಷಯ ತಿಳಿದಿರಲಿ: ಸರಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ಹೋಗಿ ಬರುವ ವಾಹನ ಎಲ್ಲ ಉಚಿತ. ಅಲ್ಲಿ ಹೆಂಗಸೊಬ್ಬಳನ್ನು ಜೊತೆಗೆ ಲೇಬರ್ ರೂಮಿನೊಳಗೆ ಬಿಡಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಹೆರಿಗೆ ಅನುಭವ ಇರುವ ಹೆಂಗಸಾಗಿರಬೇಕು ಅಷ್ಟೆ. ಎಷ್ಟೋ ಕಡೆ ಜಾಗ ಸಾಲದು ಎಂದು ಬಿಡುವುದಿಲ್ಲ, ಆದರೆ ಕೇಳುವ ಹಕ್ಕು ಉಂಟು.

ಇನ್ನು ಅಕ್ಕನಿಗೆ, ನಿನ್ನ ಅಮ್ಮನಿಗೆ, ಎರಡು ಮಾತು, ನೀನೇ ಓದಿ ಹೇಳು. ಅಕ್ಕಾ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಿತ್ತು ಎಂಬ ನಿನ್ನ ಬೇಸರ ನನಗೆ ಗೊತ್ತು. ಈಗ ತವರೇ ಮತ್ಸ್ಯಗಂಧಾ ರೈಲು ಹತ್ತಿ ಇಲ್ಲಿಗೆ ಬಂದಿದೆ, ಅದು ಸಾಕು. ಊರಿಂದ ತಂದ ಹರಳೆಣ್ಣೆ ಬಾಟಲಿ ಕಪಾಟಿನಲ್ಲೇ ಇರಲಿ. ಬಲೂನಿನ ಮೇಲೆ ಹರಳೆಣ್ಣೆ ಕುಡಿಸಿದರೆ ನೋವಿಗಿಂತ ಮೊದಲು ಭೇದಿ ಶುರುವಾಗಿ ಹುಡುಗಿ ಸೋತುಹೋಗುತ್ತಾಳೆ. ಬಿಸಿ ಗಂಜಿ, ಇಡ್ಲಿ, ಮಜ್ಜಿಗೆ ಕೊಡು. ನೋವು ಬಂದಾಗ ಸೊಂಟ ಒತ್ತಿ ಕೊಡು. ಓಡಾಡುತ್ತೇನೆ ಎಂದರೆ ಓಡಾಡಲಿ, ಮಲಗುವಾಗ ಎಡಮಗ್ಗುಲಿಗೆ ಮಲಗಿಸು. "ನಾನು ನಿನ್ನನ್ನು ಹೆತ್ತಾಗ ಇದಕ್ಕಿಂತ ಹೆಚ್ಚು ತಿಂದಿದ್ದೆ" ಎಂದು ಮಾತ್ರ ಹೇಳಬೇಡ. ನಿನಗೆ ಮರಾಠಿ ಬರುವುದಿಲ್ಲ, ಅಳಿಯ ಸ್ನಾನಕ್ಕೆ ಹೋದಾಗಲೇ ಫೋನು ಮಾಡಬೇಕಾಗಿ ಬಂದರೆ ಎಂದು ಗೋಡೆಗೆ ಒಂದು ಚೀಟಿ ಅಂಟಿಸಿಕೊಳ್ಳಿ. "ಕಳಾ ಯೇತಾತ್" ಎಂದರೆ ನೋವು ಬರುತ್ತಿದೆ, "ಪಾಣಿ ಗೇಲಂ" ಎಂದರೆ ನೀರು ಹೋಯಿತು, "ಬಾಳ್ ಹಲತ್ ನಾಹಿ" ಎಂದರೆ ಮಗು ಅಲುಗುತ್ತಿಲ್ಲ. ಅಷ್ಟು ಗೊತ್ತಿದ್ದರೆ ಈ ಊರಿನ ಯಾವ ಸಿಸ್ಟರಿಗೂ ಅರ್ಥವಾಗುತ್ತದೆ.

ನಿನ್ನ ಗಂಡನಿಗೆ ಹೇಳುವುದು ಕಡಿಮೆ. ಆ ರಾತ್ರಿ ಅವನು ಮಲಗಿದರೂ ಫೋನು ಸೈಲೆಂಟಿನಲ್ಲಿ ಇರಬಾರದು. ಗಾಡಿಯಲ್ಲಿ ಪೆಟ್ರೋಲು ಇರಲಿ, ಗಾಡಿ ಇಲ್ಲದಿದ್ದರೆ ಕೆಳಗಿನ ರಿಕ್ಷಾದವನಿಗೆ ಮೊದಲೇ ಹೇಳಿಡಲಿ. ಓಲಾ ಉಬರ್ ನಂಬಿ ಕೂರುವುದು ಬೇಡ. 108 ಆಂಬ್ಯುಲೆನ್ಸ್ ಮಹಾರಾಷ್ಟ್ರದಲ್ಲಿ 2014ರಿಂದ ಉಂಟು, ದುಡ್ಡಿಲ್ಲ. ಆದರೆ ಅದು ಸಾಮಾನ್ಯವಾಗಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಕೊಂಡೊಯ್ಯುತ್ತದೆ, ನೀವು ಹೆಸರು ಹಾಕಿಸಿದ ಕಡೆಗೇ ಒಯ್ಯುತ್ತದೆ ಎಂದು ತಿಳಿಯಬೇಡಿ. ಕೇಸ್ ಪೇಪರ್ ಬ್ಯಾಗಿನ ಮೇಲಿನ ಜೇಬಿನಲ್ಲೇ ಇರಲಿ.

ಯಾವಾಗ ಹೊರಡಬೇಕು? ಮೊದಲ ಕೆಲವು ಗಂಟೆ ಮುಟ್ಟಿನ ಹೊಟ್ಟೆನೋವಿನಂತೆ ಹಿಂಡುವುದು, ಒಂದೆರಡು ಹನಿ ರಕ್ತ, ಲೋಳೆ, ಇವು ಸಹಜ. ಡಾಕ್ಟರು ಬರೆದಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ನೋವು ಐದು ನಿಮಿಷಕ್ಕೊಮ್ಮೆ, ಹೆಚ್ಚು ಕಡಿಮೆ ಒಂದು ನಿಮಿಷ ನಿಲ್ಲುವಂತೆ ಬರತೊಡಗಿದರೆ ಹೊರಡು. ಪುಸ್ತಕದಲ್ಲಿ ಒಂದು ಗಂಟೆ ನೋಡಿ ಎಂದಿರುತ್ತದೆ. ಮುಂಬಯಿಯಲ್ಲಿ ಆ ಒಂದು ಗಂಟೆ ದಾರಿಗೆ ಬೇಕು. ಬಲೂನು ಬಿದ್ದರೆ ಫೋನು ಮಾಡಿ ಕೇಳು. ಆದರೆ ಪ್ಯಾಡು ನೆನೆಯುವಷ್ಟು ರಕ್ತ ಹೋದರೆ, ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣ ಕಂಡರೆ, ಜ್ವರ ಬಂದರೆ, ಬಿಡುವೇ ಇಲ್ಲದೆ ಹೊಟ್ಟೆ ಕಲ್ಲಿನಂತಾದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ, ಮಗು ಎಂದಿನಂತೆ ಅಲುಗುತ್ತಿಲ್ಲ ಎಂದು ನಿನಗೆ ಅನಿಸಿದರೆ, ಫೋನಿನ ಉತ್ತರಕ್ಕೆ ಕಾಯಬೇಡ, ಹೊರಟೇಬಿಡು. ಮಗುವಿನ ಅಲುಗಾಟದ ವಿಷಯದಲ್ಲಿ ನಿನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲ, ಸಕ್ಕರೆ ನೀರು ಕುಡಿದು ಬೆಳಿಗ್ಗೆಯವರೆಗೆ ನೋಡು ಎಂದು ಹೇಳುವವರ ಮಾತು ಕೇಳಬೇಡ. ಹೋಗಿ ಏನೂ ಇಲ್ಲ ಎಂದಾದರೆ ನಾಚಿಕೆ ಪಡುವಂಥದ್ದೇನಿಲ್ಲ. ಹಾಗೆ ಬಂದು ವಾಪಸು ಹೋದವರನ್ನು ಕಂಡು ನಮಗೆ ಎಂದೂ ಸಿಟ್ಟು ಬಂದದ್ದಿಲ್ಲ. ತಡ ಮಾಡಿ ಬಂದವರನ್ನು ಕಂಡಾಗ ಮಾತ್ರ ಎದೆ ಹೊಡೆದುಕೊಂಡಿದೆ.

ನೋವು ಬರಿಸಿದರೆ ಕೊನೆಗೆ ಸಿಸೇರಿಯನ್ನೇ ಎಂದು ಮೇಲಿನ ಮಾಳಿಗೆಯವಳು ಹೆದರಿಸಿದ್ದಾಳಂತೆ. ಹಾಗೇನಿಲ್ಲ. ಅಮೆರಿಕದಲ್ಲಿ ತೊಂದರೆ ಇಲ್ಲದ 6,106 ಚೊಚ್ಚಲ ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2018ರಲ್ಲಿ ಬಂತು. 39ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ 18.6 ಮಂದಿಗೆ ಸಿಸೇರಿಯನ್, ಕಾದವರಲ್ಲಿ 22.2. ಅಲ್ಲಿಯ ತಾಳ್ಮೆ ಇಲ್ಲಿ ಎಲ್ಲ ಕಡೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ 14. ಆದ್ದರಿಂದ ಡಾಕ್ಟರನ್ನು ನೇರವಾಗಿ ಕೇಳು: ಬಲೂನು ತೆಗೆದ ಮೇಲೆ ಡ್ರಿಪ್ ಹಾಕಿ ಎಷ್ಟು ಹೊತ್ತು ಕಾಯುತ್ತೀರಿ? ತಾಯಿ ಮಗು ಚೆನ್ನಾಗಿದ್ದರೆ ಅವಸರ ಇಲ್ಲ ಎಂದರೆ ಸರಿಯಾದ ಜಾಗಕ್ಕೆ ಬಂದಿದ್ದೀ. ಸಂಜೆಯೊಳಗೆ ಆಗದಿದ್ದರೆ ಸಿಸೇರಿಯನ್ ಎಂದರೆ, ಯಾಕೆ ಎಂದು ಕೇಳು. ನಿಜವಾದ ಕಾರಣ ಇದ್ದು ಸಿಸೇರಿಯನ್ ಆಗಲೇಬೇಕಾದರೆ ಆಗಲಿ, ಅದರಲ್ಲಿ ಸೋಲೇನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಿನ್ನ ಬುಧವಾರದ ವಿಷಯಕ್ಕೆ ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಬಲೂನಿಗೆ ಒಪ್ಪಿಕೋ. ಡೊಂಬಿವಲಿಗೆ ಮಾತ್ರ ವಾಪಸು ಹೋಗಬೇಡ. ಮಾಟುಂಗದ ನನ್ನ ಮನೆ ನೆಲ ಅಂತಸ್ತಿನಲ್ಲಿದೆ, ಬಾತ್‌ರೂಮು ಮಂಚದಿಂದ ನಾಲ್ಕು ಹೆಜ್ಜೆ, ನಿನ್ನ ಆಸ್ಪತ್ರೆಗೆ ನಡುರಾತ್ರಿಯಾದರೆ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ನೀನು, ಅಮ್ಮ, ಅಳಿಯ ಮೂವರೂ ಬನ್ನಿ, ಗಂಜಿಗೆ ಅಕ್ಕಿ ಇಟ್ಟಿರುತ್ತೇನೆ. ಆಸ್ಪತ್ರೆಗೆ ಹೋದ ಮೇಲೆ ಎದೆಬಡಿತದ ಪಟ್ಟಿ ಸರಿ ಬಾರದಿದ್ದರೆ, ಅಥವಾ ನಿನಗೇ ಮನಸ್ಸು ಒಪ್ಪದಿದ್ದರೆ, "ನಾನು ಮನೆಗೆ ಹೋಗುವುದಿಲ್ಲ, ಇವತ್ತೇ ಅಡ್ಮಿಟ್ ಮಾಡಿಕೊಳ್ಳಿ" ಎಂದು ಹೇಳು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ.